ಮುಚ್ಚಳ ಅದಲುಬದಲಾದ ಚುನಾವಣೆ

2021ರ ಫೆಬ್ರವರಿ 6, ಶನಿವಾರ, ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ ಡಬ್ಲಿನ್ನಿನ ಸ್ಯಾಂಟ್ರಿಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದ ಮಲ್ಲಿಕಾರ್ಜುನನಿಗೆ ಎದುರಿಗೆ ಯಾರೂ ಕಾಣಲಿಲ್ಲ. ಹೊಸ್ತಿಲ ಬಳಿ ಒಂದು ಸ್ಟೀಲ್ ಡಬ್ಬಿ ಇತ್ತು. ಡಬ್ಬಿಯಿಂದ ಸರಿಯಾಗಿ ಎರಡು ಮೀಟರ್ ಆಚೆಗೆ, ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಮಾಸ್ಕಿನೊಳಗೆ ನಗುತ್ತಾ, ಅಧ್ಯಕ್ಷ ಪದವಿಯ ಅಭ್ಯರ್ಥಿ ಶ್ರೀರಾಮ ಕೈಮುಗಿದು ನಿಂತಿದ್ದ.

"ಬಿಸಿಬೇಳೆ ಬಾತ್, ಗುರು. ಇನ್ನೂ ಬಿಸಿ ಇದೆ. ವೋಟಿಗೂ ಇದಕ್ಕೂ ಸಂಬಂಧ ಇಲ್ಲ."

"ನಾನೇನೂ ಕೇಳ್ಲಿಲ್ವಲ್ಲ?"

"ಕೇಳ್ತೀಯ ಅಂತ ಮೊದಲೇ ಹೇಳ್ದೆ," ಎಂದ ಶ್ರೀರಾಮ, ಮುಗಿದ ಕೈಯನ್ನು ಬಿಡದೆಯೇ ಹಿಮ್ಮುಖವಾಗಿ ಲಿಫ್ಟಿನೊಳಕ್ಕೆ ಹೋದ. ಬಾಗಿಲು ಮುಚ್ಚುವವರೆಗೂ ಕೈ ಮುಗಿದೇ ಇತ್ತು.

ಇದು ಯಾವ ದೇಶದ ಅಧ್ಯಕ್ಷ ಪದವಿಯೂ ಅಲ್ಲ. ಡಬ್ಲಿನ್ನಿನ ನದಿಯ ಹೆಸರು ಹೊತ್ತ ಲಿಫಿ ತೀರ ಕನ್ನಡ ಕೂಟದ್ದು. ಕೂಟದಲ್ಲಿ ನಲವತ್ತೈದು ಮನೆಗಳು, ಮನೆಗೊಂದು ವೋಟು. ಹಿಂದಿನ ವರ್ಷಗಳಲ್ಲಿ ಇಲ್ಲಿ ಚುನಾವಣೆ ಎಂಬುದೇ ಇರಲಿಲ್ಲ. ವಾರ್ಷಿಕ ಸಭೆಯ ಕೊನೆಗೆ ಯಾರು ಶೌಚಾಲಯಕ್ಕೆ ಎದ್ದು ಹೋಗಿರುತ್ತಾರೋ ಅವರನ್ನು ಉಳಿದವರು ಸರ್ವಾನುಮತದಿಂದ ಆರಿಸಿಬಿಡುತ್ತಿದ್ದರು. ಪುಟ್ಟಣ್ಣ ಎಂಬ ಹಿರಿಯರು ಸಕ್ಕರೆ ಕಾಯಿಲೆಯ ದೆಸೆಯಿಂದ ಹೀಗೆ ಎರಡು ಸಲ ಅಧ್ಯಕ್ಷರಾಗಿದ್ದರು. ಆದರೆ ಕೊರೊನಾ ಬಂದು ಸಭೆ ಜೂಮಿಗೆ ಹೋದ ಮೇಲೆ ಯಾರು ಎಲ್ಲಿಗೆ ಎದ್ದು ಹೋದರೆಂದು ತಿಳಿಯದಾಯಿತು. ಜೊತೆಗೆ ಎಲ್ಲರಿಗೂ ಸಂಜೆಯ ಹೊತ್ತು ಪುರಸೊತ್ತು. ಇತಿಹಾಸದಲ್ಲಿ ಮೊದಲ ಬಾರಿಗೆ ಇಬ್ಬರು ತಾವಾಗಿ ಕೈ ಎತ್ತಿದರು.

ಒಬ್ಬ, ಪಕ್ಕದ ಬಡಾವಣೆ ಬ್ಯೂಮಾಂಟಿನ ಶ್ರೀರಾಮ. ಮೈಸೂರಿನವನು, ಸಾಫ್ಟ್‌ವೇರ್ ಮ್ಯಾನೇಜರು, ಏಳು ಸೀಟಿನ ಕಾರಿನ ಒಡೆಯ. ಲಾಕ್‌ಡೌನ್ ಮುಗಿದ ಮೇಲಿನ ಮೊದಲ ರಾಜ್ಯೋತ್ಸವವನ್ನು ಡ್ರೋನ್ ಕ್ಯಾಮೆರಾದಿಂದ ಚಿತ್ರಿಸುವುದು ಅವನ ಮುಖ್ಯ ಭರವಸೆ. ಇನ್ನೊಬ್ಬರು, ಉತ್ತರ ಐರ್ಲೆಂಡಿನ ಗಡಿಯ ಬಳಿಯ ಡನ್‌ಡಾಕಿನಲ್ಲಿ ಪಾಠ ಹೇಳುವ ವಸುಂಧರಾ. ಅವರ ಭರವಸೆಗಳು ಮೂರು: ಮಕ್ಕಳಿಗೆ ಶನಿವಾರದ ಕನ್ನಡ ತರಗತಿ, ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ರೂಮು ಹುಡುಕಿಕೊಡುವುದು, ಮತ್ತು ರಾಜ್ಯೋತ್ಸವದ ಭಾಷಣಗಳಿಗೆ ಮೂರು ನಿಮಿಷದ ಮಿತಿ. ಈ ಮೂರನೆಯದಕ್ಕೆ ಜೂಮಿನಲ್ಲಿ ಚಪ್ಪಾಳೆ ಬಿದ್ದಷ್ಟು ಬೇರಾವುದಕ್ಕೂ ಬಿದ್ದಿರಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಮೂರು ವಾರ ಇದೇ ಚರ್ಚೆ.

"ಶ್ರೀರಾಮ್ ಏರ್‌ಪೋರ್ಟಿಂದ ನಮ್ಮನ್ನ ಪಿಕಪ್ ಮಾಡಿದಾನೆ, ಆ ಋಣ ಇದೆ."

"ಪಿಕಪ್ ಮಾಡ್ದ, ನಿಜ. ಇಡೀ ದಾರಿ ಹಾಡಿದ್ದನ್ನ ಯಾಕೆ ಹೇಳಲ್ಲ?"

"ವಸುಂಧರಾ ಮೇಡಂ ಒಳ್ಳೇವ್ರೇ. ಆದ್ರೆ ಡನ್‌ಡಾಕ್ ದಾಟಿದ್ರೆ ಗಡಿ. ನಾಳೆ ಅಪ್ಪಿ ತಪ್ಪಿ ಗಡಿ ಆಕಡೆ ಮನೆ ಮಾಡಿದ್ರೆ ನಮ್ಮ ಅಧ್ಯಕ್ಷರು ಬೇರೆ ದೇಶದಲ್ಲಿರ್ತಾರೆ!"

"ಜೂಮಲ್ಲಿ ಡನ್‌ಡಾಕ್ ಆದ್ರೇನು, ದಾವಣಗೆರೆ ಆದ್ರೇನು?"

ಹೀಗೆ ವಾದಿಸಿ ವಾದಿಸಿ ಫೆಬ್ರವರಿ ಮೊದಲ ವಾರಕ್ಕೆ ಇಪ್ಪತ್ತೆರಡು ಮನೆಗಳು ಶ್ರೀರಾಮನ ಕಡೆ, ಇಪ್ಪತ್ತೆರಡು ಮನೆಗಳು ವಸುಂಧರಾ ಕಡೆ ಎಂದು ಬಹಿರಂಗವಾಗಿಯೇ ತೀರ್ಮಾನವಾಯಿತು. ಉಳಿದದ್ದು ಒಂದೇ ಮನೆ, ಮಲ್ಲಿಕಾರ್ಜುನನದು.

ಮಲ್ಲಿಕಾರ್ಜುನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ರಸಾಯನಶಾಸ್ತ್ರಜ್ಞ. ಅಲ್ಲಿಯ ನಿಯಮದ ಪ್ರಕಾರ ಯಾವ ಮುಖ್ಯ ಕೆಲಸವನ್ನೂ ಒಬ್ಬನೇ ಮಾಡುವಂತಿಲ್ಲ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕಬೇಕು. ಹನ್ನೊಂದು ವರ್ಷ ಹೀಗೆ ಬಾಳಿದವನು ಮನೆಯಲ್ಲಿ ಗ್ಯಾಸು ಆರಿಸಿದರೂ "ಸ್ವಲ್ಪ ಬಂದು ನೋಡು" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಅಭ್ಯರ್ಥಿಗಳ ಜೂಮ್ ಸಭೆಯಲ್ಲಿ ಎಲ್ಲರೂ ಒಂದೊಂದು ಕಡೆ ವಾಲುತ್ತಿದ್ದಾಗ ಇವನು ಮೈಕ್ ತೆರೆದು, "ನಾನು ಭಾವನೆಗೆ ವೋಟ್ ಹಾಕೋನಲ್ಲ. ಡೇಟಾ ನೋಡ್ತೀನಿ," ಎಂದುಬಿಟ್ಟಿದ್ದ. ಆ ಒಂದು ಮಾತಿನಿಂದ ಅವನ ಎರಡು ಕೋಣೆಯ ಬಾಡಿಗೆ ಮನೆ ಐರ್ಲೆಂಡಿನ ಕನ್ನಡಿಗರ ಪಾಲಿಗೆ ಅತ್ಯಂತ ಮಹತ್ವದ ಮನೆಯಾಯಿತು.

ಆಡಿದ ಮಾತಿಗೆ ತಕ್ಕಂತೆ ಅವನು ಹದಿನಾಲ್ಕು ಅಂಶಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಅಂಕ ಇಟ್ಟು ಕೂಡಿಸಿದ. ಶ್ರೀರಾಮನಿಗೆ 68.4 ಬಂತು. ವಸುಂಧರಾಗೂ 68.4 ಬಂತು.

ಬ್ಯೂಮಾಂಟಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವನ ಹೆಂಡತಿ ಜ್ಯೋತ್ಸ್ನಾ ಭುಜದ ಮೇಲಿಂದ ಬಗ್ಗಿ ನೋಡಿದಳು. "ರೀ, ನನ್ನನ್ನ ಒಪ್ಪೋಕೆ ಮುಂಚೆ ಇಂಥದ್ದೊಂದು ಮಾಡಿದ್ರಾ?"

"ಆಗ ನಂಗೆ ಎಕ್ಸೆಲ್ ಅಷ್ಟಾಗಿ ಬರ್ತಿರ್ಲಿಲ್ಲ."

"ದೇವರು ದೊಡ್ಡವನು," ಎಂದು ಅವಳು ಡ್ಯೂಟಿಗೆ ಹೊರಟಳು.

ನಿಜವಾದ ಸಮಸ್ಯೆ ಆ ಹದಿನಾಲ್ಕು ಅಂಶಗಳಲ್ಲಿ ಎಲ್ಲಿಯೂ ಇರಲಿಲ್ಲ. ಅದು ಪಕ್ಕದ ಕೋಣೆಯಲ್ಲಿತ್ತು. ಮಲ್ಲಿಕಾರ್ಜುನನ ತಾಯಿ ಬಸಲಿಂಗಮ್ಮ ಮೂರು ತಿಂಗಳು ಇದ್ದು ಹೋಗಲೆಂದು ದಾವಣಗೆರೆಯಿಂದ ಬಂದಿದ್ದರು. ವಿಮಾನಗಳು ನಿಂತವು. ಮೂರು ತಿಂಗಳು ಹನ್ನೆರಡಾಯಿತು. ಬಸಲಿಂಗಮ್ಮನಿಗೆ ಬರುತ್ತಿದ್ದ ಇಂಗ್ಲಿಷು ಎರಡೇ: 'ಥ್ಯಾಂಕ್ಯೂ' ಮತ್ತು ಅಲ್ಲಿಯವರು 'ಆಗಲಿ, ಚೆನ್ನಾಗಿದೆ' ಎನ್ನಲು ಬಳಸುವ 'ಗ್ರಾಂಡ್'. ಆಕೆಗಿದ್ದ ಸಂಗ ಒಂದೇ, ಗುರುವಾರ ನಾಲ್ಕು ಗಂಟೆಯ ಜೂಮು. ಕೂಟದ ಮನೆಗಳಲ್ಲಿ ಹೀಗೆಯೇ ಸಿಕ್ಕಿಬಿದ್ದ ತಾಯಂದಿರು, ಅತ್ತೆಯರು ಅಂದು ಸೇರಿ ವಚನ, ದೇವರನಾಮ, ಸೋಬಾನೆ ಹಾಡಿ, ಸೊಸೆಯಂದಿರ ಅಡುಗೆಯನ್ನು ವಿಮರ್ಶೆ ಮಾಡುತ್ತಿದ್ದರು. ಪುಕ್ಕಟೆ ಜೂಮು ನಲವತ್ತು ನಿಮಿಷಕ್ಕೆ ತಾನಾಗಿ ನಿಂತುಹೋಗುತ್ತಿತ್ತು. "ಹಾಡ್ತಾ ಹಾಡ್ತಾ ಯಾರೋ ಬಾಯಿ ಮುಚ್ಚಿದಂಗಾಗುತ್ತೆ," ಎಂದು ಆಕೆ ದೂರುತ್ತಿದ್ದರು. ಆದರೂ ಗುರುವಾರ ಎರಡು ಗಂಟೆಗೇ ಇಸ್ತ್ರಿ ಮಾಡಿದ ಸೀರೆಯುಟ್ಟು ಕೂರುತ್ತಿದ್ದರು. ಗುರುವಾರ ಬಿಟ್ಟರೆ ವಾರದ ಉಳಿದ ಆರು ದಿನಗಳು ಆಕೆಗೆ ಒಂದೇ ದಿನ.

ಆ ಬಳಗದಲ್ಲಿ ಆಕೆಯೂ ಸೇರಿ ಇಪ್ಪತ್ತು ಜನ. ಒಂಬತ್ತು ಮಂದಿ ಶ್ರೀರಾಮನ ಕಡೆಯ ಮನೆಗಳವರು, ಒಂಬತ್ತು ಮಂದಿ ವಸುಂಧರಾ ಕಡೆಯವರು, ಒಬ್ಬರು ಚುನಾವಣಾಧಿಕಾರಿ ಪುಟ್ಟಣ್ಣನವರ ತಾಯಿ; ಮಗನ ವೋಟು ಯಾವ ಕಡೆಯಿದ್ದರೂ ಆ ತಾಯಿ ಯಾವ ಕಡೆಯೂ ಅಲ್ಲ. ಮಲ್ಲಿಕಾರ್ಜುನನ ವೋಟು ಯಾವ ಕಡೆ ಬಿದ್ದರೂ ಇನ್ನೊಂದು ಕಡೆಯ ಒಂಬತ್ತು ಮುಖಗಳು ಮುನಿಸಿಕೊಂಡು ಅಮ್ಮನ ಪರದೆಯಿಂದ ಮಾಯವಾಗುತ್ತವೆ. ಇಷ್ಟೇ ಅವನ ಡೇಟಾ.

ಆ ಶನಿವಾರ ಶ್ರೀರಾಮನ ಕಾರು ಅಪಾರ್ಟ್‌ಮೆಂಟಿನ ಗೇಟು ದಾಟಿದ್ದನ್ನು ಎದುರು ಬ್ಲಾಕಿನ ಕಿಟಕಿಯಿಂದ ಕಂಡವರು ಶಾಂತಾ. ಐದು ಕಿಲೋಮೀಟರ್ ದಾಟಿ ಯಾರೂ ಓಡಾಡಬಾರದೆಂಬ ಕಾನೂನಿನಿಂದ ವಸುಂಧರಾ ಡನ್‌ಡಾಕಿನಲ್ಲೇ ಕಟ್ಟುಬಿದ್ದಿದ್ದರಿಂದ ಡಬ್ಲಿನ್ನಿನ ಪ್ರಚಾರವೆಲ್ಲ ಈ ಶಾಂತಾ ಅವರ ತಲೆಯ ಮೇಲೆ. ಮಧ್ಯಾಹ್ನ ಒಂದೂವರೆಗೆ ಹೊಸ್ತಿಲ ಮೇಲೆ ಎರಡನೆಯ ಸ್ಟೀಲ್ ಡಬ್ಬಿ ಕುಳಿತಿತ್ತು.

"ಕೋಡುಬಳೆ, ಅಣ್ಣಾ. ವಸುಂಧರಾ ಹೇಳಿ ಮಾಡ್ಸಿದ್ದು. ಬಾತು ಅನ್ನೋದು ಸಂಜೆಗೆ ಹಳಸುತ್ತೆ. ಕೋಡುಬಳೆ ಹದಿನೈದು ದಿನ ಇರುತ್ತೆ. ಯಾರನ್ನ ನಂಬಬೇಕು ಅಂತ ನಿಮಗೇ ಗೊತ್ತು," ಎಂದು ಶಾಂತಾ ಮೆಟ್ಟಿಲಿಳಿದು ಹೋದರು.

ಎರಡನ್ನೂ ತಿಂದರು. ಎರಡೂ ಚೆನ್ನಾಗಿದ್ದವು. ಡಬ್ಬಿಗಳನ್ನು ತೊಳೆದು ವಾಪಸ್ ಕೊಟ್ಟುಬಿಡೋಣವೆಂದು ಮಲ್ಲಿಕಾರ್ಜುನ ಹೊರಟಾಗ ಬಸಲಿಂಗಮ್ಮ ಅಡ್ಡ ನಿಂತರು.

"ಖಾಲಿ ಡಬ್ಬಿ ಕೊಡ್ತೀಯೇನೋ? ನಮ್ಮನೇಲಿ ಯಾವತ್ತಾದ್ರೂ ಒಬ್ಬರ ಡಬ್ಬಿ ಖಾಲಿ ಹೋಗೈತಾ?"

"ಅಮ್ಮ, ಇದು ಎಲೆಕ್ಷನ್ ಟೈಮು. ಒಬ್ಬರಿಗೆ ಒಂದು ಜಾಸ್ತಿ ಹೋದ್ರೆ ಅದೇ ಸಪೋರ್ಟ್ ಅಂತಾರೆ."

"ಹಂಗಾದ್ರೆ ಇಬ್ರಿಗೂ ಸಮ ಕೊಡು. ಯಾರು ಬ್ಯಾಡ ಅಂದ್ರು?"

ಸಮ ಎಂದ ಮೇಲೆ ಮಲ್ಲಿಕಾರ್ಜುನನೊಳಗಿನ ರಸಾಯನಶಾಸ್ತ್ರಜ್ಞ ಎದ್ದ. ಭಾನುವಾರ ಬೆಳಗ್ಗೆ ಬಸಲಿಂಗಮ್ಮ ಶೇಂಗಾ ಹೋಳಿಗೆ ತಟ್ಟಿದರು. ಇವನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸಮತಟ್ಟಿಗೆ ಇಟ್ಟು, ಡಬ್ಬಿಯ ತೂಕ ಕಳೆದು, ಒಂದೊಂದಕ್ಕೂ ಆರಾರು ಹೋಳಿಗೆ ತುಂಬಿದ. ಶ್ರೀರಾಮನದು 431 ಗ್ರಾಂ ಬಂತು, ಶಾಂತಾರದು 426. ಶ್ರೀರಾಮನ ಒಂದು ಹೋಳಿಗೆಯ ಅಂಚನ್ನು ಐದು ಗ್ರಾಂನಷ್ಟು ಕತ್ತರಿಸಿ ತಾನೇ ತಿಂದ. ಜ್ಯೋತ್ಸ್ನಾಳನ್ನು ಕರೆದು ಅಂಕಿಗಳನ್ನು ತೋರಿಸಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ. ಡಬ್ಬಿಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದ ಹೆಸರನ್ನು ಓದಿ ಓದಿ ಯಾವುದು ಯಾರದೆಂದು ಗೊತ್ತುಮಾಡಿಕೊಂಡ. ನಮ್ಮವರು ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸುವಾಗ ತಳಕ್ಕೊಂದು, ಮುಚ್ಚಳಕ್ಕೊಂದು ಕೆತ್ತಿಸುತ್ತಾರೆ ಎಂಬುದು ಮಾತ್ರ ಅವನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ.

ಎರಡೂ ಡಬ್ಬಿ ತಲುಪಿಸಿ ಬಂದು ಕಾಫಿ ಕುಡಿಯುವಷ್ಟರಲ್ಲಿ ಫೋನು ಬಂತು.

"ಮಲ್ಲಿ," ಎಂದ ಶ್ರೀರಾಮ, ಬಹಳ ನೋವಿನ ಧ್ವನಿಯಲ್ಲಿ. "ಹೋಳಿಗೆ ಚೆನ್ನಾಗಿದೆ. ಆದ್ರೆ ಮೇಲೆ ಶಾಂತಾ ಅಂತ ಯಾಕಿದೆ?"

"ಎಲ್ಲಿ ಮೇಲೆ?"

"ಮುಚ್ಚಳದ ಮೇಲೆ ಕಣಯ್ಯಾ! ತಳದಲ್ಲಿ ನಾನು, ಮೇಲೆ ಅವರು. ನಂಗೇನೂ ಅರ್ಥ ಆಗಲ್ಲ ಅಂದ್ಕೊಂಡ್ಯಾ?"

ಅದನ್ನು ಇಡುವ ಮೊದಲೇ ಶಾಂತಾರ ಕರೆ. "ಅಣ್ಣಾ, ನಮ್ಮ ಡಬ್ಬಿಗೆ ಅವರ ಮುಚ್ಚಳ. ಅಂದ್ರೆ ನಮ್ಮ ಬಾಯಿ ಮುಚ್ಚಿಸೋಕೆ ಅವರನ್ನೇ ಕಳಿಸಿದ್ರಾ? ವಸುಂಧರಾಗೆ ಫೋಟೋ ಕಳಿಸಿದೀನಿ. ಅವಳು ನಕ್ಕಳು. ಅವಳು ನಕ್ರೂ ನಾನು ನಗಲ್ಲ."

ಸಂಜೆಯೊಳಗೆ ಎರಡೂ ಡಬ್ಬಿಗಳ ಚಿತ್ರ ಗುಂಪಿನಲ್ಲಿತ್ತು. ತಳ ಮುಖ್ಯವೋ ಮುಚ್ಚಳ ಮುಖ್ಯವೋ ಎಂಬ ಪ್ರಶ್ನೆ ನಲವತ್ತನಾಲ್ಕು ಮನೆಗಳ ಮುಂದೆ ಬಂತು. ಹೋಳಿಗೆ ಇರುವುದು ತಳದಲ್ಲಿ, ಆದ್ದರಿಂದ ವೋಟು ತಳಕ್ಕೆ ಎಂದರು ಕೆಲವರು. ಹೊರಗಿನವರಿಗೆ ಕಾಣುವುದು ಮುಚ್ಚಳ, ಆದ್ದರಿಂದ ಸಂದೇಶ ಇರುವುದು ಮುಚ್ಚಳದಲ್ಲಿ ಎಂದರು ಇನ್ನು ಕೆಲವರು. "ತಪ್ಪಾಗಿ ಬದಲಾಗಿದೆ ಅಷ್ಟೆ" ಎಂದು ಮಲ್ಲಿಕಾರ್ಜುನ ಬರೆದದ್ದಕ್ಕೆ ಬಂದ ಉತ್ತರ ಒಂದೇ: "ಹೋಳಿಗೇನ ಗ್ರಾಂ ಲೆಕ್ಕದಲ್ಲಿ ತೂಗಿದವರಿಗೆ ಮುಚ್ಚಳ ತಪ್ಪುತ್ತಾ?" ತೂಗಿದ ಸಂಗತಿ ಅವರಿಗೆ ಹೇಗೆ ತಿಳಿಯಿತೆಂದರೆ, ತಾನು ಎಷ್ಟು ನಿಷ್ಪಕ್ಷಪಾತಿ ಎಂದು ತೋರಿಸಲು ಇವನೇ ಪುಸ್ತಕದ ಆ ಪುಟವನ್ನು ಗುಂಪಿಗೆ ಹಾಕಿದ್ದ. ಕತ್ತರಿಸಿದ ಐದು ಗ್ರಾಂ ಅದರಲ್ಲಿತ್ತು. ಅದಕ್ಕೆ ಶ್ರೀರಾಮನ ಕಡೆಯವರಿಂದ ಪ್ರತ್ಯೇಕ ಆಕ್ಷೇಪಣೆ ಬಂತು.

ಫೆಬ್ರವರಿ 11, ಗುರುವಾರ. ಬಸಲಿಂಗಮ್ಮ ಎರಡು ಗಂಟೆಗೇ ಹಸಿರು ಇಳಕಲ್ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಪುಟ್ಟಣ್ಣನವರ ತಾಯಿಯ ಮುಖ ಬಂತು. ಇನ್ನೊಬ್ಬ ಹೆಂಗಸು ಬಂದರು. ಆದರೆ ಅವರು ಯೋಗ ತರಗತಿಯೆಂದು ತಪ್ಪಿ ಬಂದವರು. ಚಾಪೆ ಹಾಸಿ ಮಲಗಿ, ಯಾರೂ ಏನೂ ಹೇಳದಿದ್ದಾಗ ಎದ್ದು ಹೋದರು.

"ಯಾಕಮ್ಮ, ಹಾಡಲ್ವಾ?" ಎಂದ ಮಲ್ಲಿಕಾರ್ಜುನ ಬಾಗಿಲಲ್ಲಿ ನಿಂತು.

"ಇಬ್ರೇ ಏನ್ ಹಾಡೋದಪ್ಪ. ಅವರಿಗೂ ಕೆಮ್ಮು." ಬಸಲಿಂಗಮ್ಮ ಸೆರಗಿನ ಅಂಚನ್ನು ನೀವಿ ಸರಿಮಾಡಿದರು. "ಇವತ್ತು ಜೂಮು ತಾನಾಗಿ ಕಟ್ ಆಗ್ಲಿಲ್ಲ ನೋಡು. ಹನ್ನೆರಡು ನಿಮಿಷಕ್ಕೇ ನಾವೇ ಮುಗಿಸಿದ್ವಿ."

ಮಲ್ಲಿಕಾರ್ಜುನ ಕಸದ ಚೀಲ ಹಿಡಿದು ಹೊರಗೆ ಬಂದ. ಎದುರು ಫ್ಲ್ಯಾಟಿನ ಬ್ರೀಡಾ ಅಜ್ಜಿ ತಮ್ಮ ಬಾಗಿಲಿನ ಬಳಿ ಕುರ್ಚಿ ಹಾಕಿಕೊಂಡು ಕಾರಿಡಾರಿನ ಗಾಳಿ ತೆಗೆದುಕೊಳ್ಳುತ್ತಿದ್ದರು. ಮುಖ ನೋಡಿದೊಡನೆ ಏನಾಯಿತೆಂದು ಕೇಳಿದರು, ಇವನು ಹೇಳಿದ. ಮುಚ್ಚಳದವರೆಗೂ ಹೇಳಿದ.

"ಅಯ್ಯೋ ಮಗನೇ, ಇದಕ್ಯಾಕೆ ಇಷ್ಟು ಕಷ್ಟ?" ಎಂದರು ಬ್ರೀಡಾ. "ನಮ್ಮ ಮನೇಲಿ ಮೂರು ತಲೆಮಾರಿನಿಂದ ಒಂದೇ ನಿಯಮ. ನಮ್ಮನೆ ಸಾವಿಗೆ ಯಾರು ಬಂದಿದ್ರೋ ಅವರಿಗೇ ವೋಟು."

"ನಮ್ಮನೇಲಿ ಇಲ್ಲಿ ಯಾರೂ ಸತ್ತಿಲ್ಲವಲ್ಲ ಅಜ್ಜಿ."

ಬ್ರೀಡಾ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಗ್ರಾಂಡ್. ಅವಸರ ಮಾಡಬೇಡ, ಕಾಯಿ."

ಕಾಯಲು ಹೊತ್ತಿರಲಿಲ್ಲ. ಭಾನುವಾರ ಮತದಾನ. ಮೊದಲು ಮುಚ್ಚಳಗಳನ್ನು ಅವರವರಿಗೆ ಸೇರಿಸಿ ತಪ್ಪು ತಿದ್ದಬೇಕೆಂದು ಮಲ್ಲಿಕಾರ್ಜುನ ನಿರ್ಧರಿಸಿದ. ಯಾರ ಮನೆಗೂ ಯಾರೂ ಹೋಗುವಂತಿಲ್ಲ. ಹೊರಗಡೆ ವ್ಯಾಯಾಮಕ್ಕೆಂದು ಎರಡು ಮನೆಯವರು ಸೇರಬಹುದು, ಮೂರು ಮನೆಯವರಲ್ಲ. ಆದ್ದರಿಂದ ಶನಿವಾರ ಹತ್ತಿರದ ಪಾರ್ಕಿನಲ್ಲಿ ಶ್ರೀರಾಮನಿಗೆ ಹತ್ತು ಗಂಟೆ, ಶಾಂತಾರಿಗೆ ಹತ್ತೂ ಇಪ್ಪತ್ತು ಎಂದು ಬರೆದು ಕಳಿಸಿದ. ತಾನು ಇಲ್ಲದ ಹೊತ್ತಿನಲ್ಲಿ ಏನು ಒಪ್ಪಂದ ನಡೆಯುತ್ತದೋ ಎಂಬ ಅನುಮಾನದಿಂದ ಇಬ್ಬರೂ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಮೂರು ಮನೆಗಳು ಒಂದು ಬೆಂಚಿನ ಸುತ್ತ ಎರಡೆರಡು ಮೀಟರ್ ಬಿಟ್ಟು ನಿಂತವು. ಕೈಯಲ್ಲಿ ಡಬ್ಬಿಗಳು.

ಹಳದಿ ಜಾಕೆಟ್ಟಿನ ಒಬ್ಬ ಗಾರ್ಡಾ, ಅಂದರೆ ಅಲ್ಲಿಯ ಪೊಲೀಸು, ಸೈಕಲ್ಲಿನಿಂದ ಇಳಿದಳು. ಚಿಕ್ಕ ವಯಸ್ಸಿನವಳು.

"ಬೆಳಗಿನ ನಮಸ್ಕಾರ. ಎಷ್ಟು ಮನೆಯವರು?"

ಸುಳ್ಳು ಹೇಳಲು ಬಾರದ ಮಲ್ಲಿಕಾರ್ಜುನ, "ಮೂರು," ಎಂದ.

"ಎರಡಕ್ಕಿಂತ ಹೆಚ್ಚು ಆಗಲ್ಲ. ಒಬ್ಬರು ಹೋಗಬೇಕು."

ಶ್ರೀರಾಮ ಶಾಂತಾರತ್ತ ಕೈ ತೋರಿದ. ಶಾಂತಾ ಶ್ರೀರಾಮನತ್ತ ಕೈ ತೋರಿದರು. ಗಾರ್ಡಾ ಇಬ್ಬರನ್ನೂ ನೋಡಿ, ಆಮೇಲೆ ಡಬ್ಬಿಗಳನ್ನು ನೋಡಿದಳು. "ಅದರಲ್ಲಿ ಏನಿದೆ?"

"ಏನೂ ಇಲ್ಲ. ಅಧ್ಯಕ್ಷರ ಚುನಾವಣೆ," ಎಂದ ಮಲ್ಲಿಕಾರ್ಜುನ.

"ಅಧ್ಯಕ್ಷರ ಚುನಾವಣೆಗೆ ಇನ್ನೂ ನಾಲ್ಕು ವರ್ಷ ಇದೆಯಲ್ಲ?"

"ನಿಮ್ಮದಕ್ಕೆ. ನಮ್ಮದು ನಾಳೆ."

ಗಾರ್ಡಾಗೆ ಅಂದು ಬೆಳಗ್ಗೆಯಿಂದ ಹೇಳಿಕೊಳ್ಳುವಂಥ ಪ್ರಕರಣ ಯಾವುದೂ ಸಿಕ್ಕಿರಲಿಲ್ಲವೆಂದು ತೋರುತ್ತದೆ. ಸೈಕಲ್ಲಿಗೆ ಒರಗಿ ನಿಂತು, ಯಾರಿಗೆ ಯಾಕೆ ವೋಟು ಹಾಕಬೇಕು, ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಎಂದಳು. ಶ್ರೀರಾಮ ಡ್ರೋನಿನ ಬಗ್ಗೆ ಹೇಳಿದ. ಆ ಮೂರು ವಾರಗಳಲ್ಲಿ ಅವನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಶಾಂತಾ ಮಕ್ಕಳ ತರಗತಿಯ ಬಗ್ಗೆ ಹೇಳಿದರು, ಭಾಷಣಗಳಿಗೆ ಮೂರು ನಿಮಿಷದ ಮಿತಿ ಎಂದಾಗ ಗಾರ್ಡಾ ತಲೆದೂಗಿದಳು.

"ಮೇಡಂ, ತಮ್ಮ ಅಭಿಪ್ರಾಯ?" ಎಂದ ಶ್ರೀರಾಮ.

"ಐದು ಕಿಲೋಮೀಟರ್ ಒಳಗೆ ಇರೋದು ಯಾರು?"

"ನಾನು!"

"ಹಾಗಾದ್ರೆ ಕಾನೂನು ಪ್ರಕಾರ ಅವರನ್ನ ಮಾತ್ರ ನೀವು ನೋಡೋಕಾಗೋದು," ಎಂದಳು ಗಾರ್ಡಾ, ಮಲ್ಲಿಕಾರ್ಜುನನಿಗೆ.

"ಇದು ಪೊಲೀಸ್ ಹಸ್ತಕ್ಷೇಪ!" ಎಂದು ಶಾಂತಾ ಕನ್ನಡದಲ್ಲಿ ಕಿರುಚಿದರು. ಭಾಷೆ ತಿಳಿಯದಿದ್ದರೂ ಗಾರ್ಡಾಗೆ ಅರ್ಥವಾಗಿ, ತಾನು ಏನೂ ಹೇಳಿಲ್ಲವೆಂದು ಎರಡು ಹೆಜ್ಜೆ ಹಿಂದೆ ಸರಿದಳು. ಮಲ್ಲಿಕಾರ್ಜುನ ಮಾತ್ರ ಅವಳನ್ನು ಬಿಡಲಿಲ್ಲ. ಮುಚ್ಚಳಗಳು ಬೆಂಚಿನ ಮೇಲೆ ಬಂದು, ಸರದಿಯಂತೆ ಅವರವರ ಡಬ್ಬಿಗೆ ಸೇರಿದ ಮೇಲೆ, "ಎರಡನೆಯ ಸಾಕ್ಷಿಯಾಗಿ ಇಲ್ಲೊಂದು ಸಹಿ" ಎಂದು ಪುಸ್ತಕ ಚಾಚಿದ. ಗಾರ್ಡಾ ಸೈಕಲ್ ಹತ್ತಿ ಹೊರಟೇಹೋದಳು. ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ಸುದ್ದಿ ಬಂತು: 'ಐರಿಷ್ ಪೊಲೀಸರ ಬೆಂಬಲ ಶ್ರೀರಾಮನಿಗೆ.'

ಅಂದು ಸಂಜೆ ಮಲ್ಲಿಕಾರ್ಜುನ ಹದಿನಾಲ್ಕು ಅಂಶಗಳ ಪಟ್ಟಿಯನ್ನು ಮುಚ್ಚಿಟ್ಟು ಇಬ್ಬರು ಅಭ್ಯರ್ಥಿಗಳಿಗೂ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ. ಅಮ್ಮಂದಿರ ಗುರುವಾರದ ಜೂಮನ್ನು ಏನು ಮಾಡುತ್ತೀರಿ?

"ಅದನ್ನ ಎಲ್ಲಿಗೋ ತಗೊಂಡ್ಹೋಗೋಣ ಗುರು!" ಎಂದ ಶ್ರೀರಾಮ. "ಯೂಟ್ಯೂಬ್ ಲೈವು, ಒಬ್ಬ ನಿರೂಪಕ, ಶುರುವಿಗೆ ನಂದೊಂದು ಹಾಡು."

ವಸುಂಧರಾರ ಉತ್ತರ ಚಿಕ್ಕದು. "ಏನೂ ಮಾಡಲ್ಲ. ಅದು ಅವರ ಪಾಡಿಗೆ ಅವರದು. ಈ ವಾರ ಯಾಕೆ ನಡೀಲಿಲ್ಲ ಅಂತ ನಮ್ಮತ್ತೇನ ಕೇಳ್ದೆ. ಗೊತ್ತಾಗಿ ನಂಗೇ ನಾಚಿಕೆ ಆಯ್ತು ಮಲ್ಲಿಕಾರ್ಜುನ್."

ಮಲ್ಲಿಕಾರ್ಜುನ ಫೋನಿಟ್ಟ. ವೋಟು ವಸುಂಧರಾಗೆ ಎಂದು ಅವನಿಗೆ ಸ್ಪಷ್ಟವಾಗಿತ್ತು. ಪರಿಣಾಮ ಏನೇ ಆಗಲಿ, ಅಮ್ಮನನ್ನು ಹೇಗಾದರೂ ಸಮಾಧಾನ ಮಾಡಿದರಾಯಿತು ಎಂದುಕೊಂಡು ನಿದ್ದೆ ಹೋದ.

ಫೆಬ್ರವರಿ 14, ಭಾನುವಾರ, ಬೆಳಗ್ಗೆ ಹನ್ನೊಂದು. ನಲವತ್ತೈದು ಮನೆಗಳು ಜೂಮಿನಲ್ಲಿ. ಚುನಾವಣಾಧಿಕಾರಿ ಪುಟ್ಟಣ್ಣ ಮೈಕ್ ಆಫ್ ಮಾಡಿಕೊಂಡೇ ಏಳು ನಿಮಿಷ ನಿಯಮಗಳನ್ನು ವಿವರಿಸಿ, ಆಮೇಲೆ ಇನ್ನೊಮ್ಮೆ ವಿವರಿಸಿದರು. ಅಷ್ಟರಲ್ಲಿ ಡಬ್ಬಿಯ ವಿಷಯ ಎದ್ದು, ಗಾರ್ಡಾಳ ವಿಷಯ ಎದ್ದು, ಒಟ್ಟು ಅರ್ಧ ಗಂಟೆ ಹೋಯಿತು. ಕೊನೆಗೆ ಪರದೆಯ ಮೇಲೆ ಎರಡು ಹೆಸರು ಮೂಡಿದವು. ಒತ್ತಲು ಅರವತ್ತು ಸೆಕೆಂಡು.

ಮಲ್ಲಿಕಾರ್ಜುನ ಸೂಚನೆಯನ್ನು ಪೂರ್ತಿ ಓದಿದ. ಪುಸ್ತಕ ತೆರೆದು ದಿನಾಂಕ, ಸಮಯ, ಅಭ್ಯರ್ಥಿಯ ಹೆಸರು ಬರೆದ. ಮೌಸಿನ ಬಾಣವನ್ನು ವಸುಂಧರಾ ಹೆಸರಿನ ಮೇಲೆ ತಂದು ನಿಲ್ಲಿಸಿದ. ಬೆರಳು ಒತ್ತುವುದೊಂದೇ ಬಾಕಿ. ಅದಕ್ಕಿಂತ ಮುಖ್ಯವಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

"ಜ್ಯೋತ್ಸ್ನಾ! ಸ್ವಲ್ಪ ಬಂದು ನೋಡು!"

"ಪೂರಿ ಬಿಟ್ಟಿದೀನಿ ರೀ! ಎಣ್ಣೇಲಿದೆ!"

"ಸಾಕ್ಷಿ ಬೇಕು! ಒಂದೇ ಸಲ!"

"ಉಬ್ತಾ ಇದೆ, ತೆಗೆದು ಬರ್ತೀನಿ!"

ಪೂರಿ ಉಬ್ಬಿತು. ಜ್ಯೋತ್ಸ್ನಾ ಅದನ್ನು ಮಗುಚಿ, ತೆಗೆದು, ಒಲೆ ಆರಿಸಿ, ಕೈ ಒರೆಸುತ್ತಾ ಬಂದು ನಿಂತಾಗ ಪರದೆಯ ಮೇಲಿದ್ದ ಹೆಸರುಗಳು ಮಾಯವಾಗಿ ಅಂಕಿಗಳು ಬಂದಿದ್ದವು. ಶ್ರೀರಾಮ 22. ವಸುಂಧರಾ 22. ಮತ ಹಾಕದವರು 1.

ನಲವತ್ತನಾಲ್ಕು ಮೈಕುಗಳು ಒಟ್ಟಿಗೆ ತೆರೆದವು.

"ಮೂರು ವಾರ ನಮ್ಮ ತಲೆ ತಿಂದು ಈಗ ಪೂರಿ ತಿಂತಿದೀಯೇನಯ್ಯಾ?" ಎಂದ ಶ್ರೀರಾಮ.

"ಕೋಡುಬಳೆ ತಿಂದಿದ್ದು ಮರೆತುಹೋಯ್ತಾ ಅಣ್ಣಾ?" ಎಂದರು ಶಾಂತಾ. "ನಮ್ಮ ಡಬ್ಬಿ ಹೋಗ್ಲಿ, ಇವರ ಬಿಸಿಬೇಳೆ ಬಾತಿಗಾದ್ರೂ ಬೆಲೆ ಬೇಡ್ವಾ? ಪಾಪ, ಶ್ರೀರಾಮ್ ಎಷ್ಟು ಪ್ರೀತಿಯಿಂದ ತಂದುಕೊಟ್ಟಿದ್ರು!"

"ಅದೇ ನಾನೂ ಹೇಳೋದು ಶಾಂತಾ ಅವರೇ. ನಿಮ್ಮ ಕೋಡುಬಳೆಗೂ ಬೆಲೆ ಇಲ್ಲ ಇವನಿಗೆ!"

ಸಾಕ್ಷಿಯ ನಿಯಮವನ್ನು ಮಲ್ಲಿಕಾರ್ಜುನ ವಿವರಿಸಲು ಹೋದದ್ದು ಉರಿಯುವ ಒಲೆಗೆ ಎಣ್ಣೆಯಾಯಿತು. ಆ ಮೂರು ವಾರಗಳಲ್ಲಿ ಕೂಟದವರು ಒಂದು ವಿಷಯದಲ್ಲೂ ಒಮ್ಮತಕ್ಕೆ ಬಂದಿರಲಿಲ್ಲ. ಈಗ ಡನ್‌ಡಾಕಿನಿಂದ ಡಬ್ಲಿನ್ನಿನವರೆಗೆ, ಡ್ರೋನಿನವರೂ ತರಗತಿಯವರೂ, ಒಂದೇ ಅಭಿಪ್ರಾಯವನ್ನು ಒಂದೇ ಹೊತ್ತಿಗೆ ಹೇಳುತ್ತಿದ್ದರು. ಪುಟ್ಟಣ್ಣ ನಿಯಮಾವಳಿ ತೆಗೆದು ಓದಿದರು. ಸಮ ಬಿದ್ದರೆ ಇಬ್ಬರೂ ಒಟ್ಟಿಗೆ ಅಧ್ಯಕ್ಷರು ಎಂದಿತ್ತು. ಹಾಗೆ ಬರೆದವರು ಯಾರೆಂದು ನೋಡಿದರೆ, ಮೂರು ವರ್ಷದ ಹಿಂದೆ, ಎರಡು ಯಂತ್ರಗಳು ಸಮ ಅಂಕಿ ತೋರಿಸಿದರೆ ಎರಡನ್ನೂ ಒಪ್ಪಬೇಕೆಂಬ ಲ್ಯಾಬಿನ ನಿಯಮವನ್ನು ಆಧರಿಸಿ, ಮಲ್ಲಿಕಾರ್ಜುನನೇ. ಇದರಿಂದ ಬೈಗುಳಕ್ಕೆ ಹೊಸ ಬಲ ಬಂತು. ಶ್ರೀರಾಮ, "ನನ್ನ ಸರ್ವೀಸಲ್ಲಿ ಇಂಥಾ ಮನುಷ್ಯನ್ನ" ಎನ್ನುವಷ್ಟರಲ್ಲಿ ನಲವತ್ತು ನಿಮಿಷ ಮುಗಿದು ಜೂಮು ನಿಂತುಹೋಯಿತು.

ಬೈಯುವಾಗ ಮಾತು ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ಅಂದು ಎಲ್ಲರಿಗೂ ಅನುಭವವಾಯಿತು. ಐದು ನಿಮಿಷದೊಳಗೆ ಇಬ್ಬರು ಅಧ್ಯಕ್ಷರ ಮೊದಲ ಜಂಟಿ ಆದೇಶ ಗುಂಪಿನಲ್ಲಿ ಬಂತು: ಕೂಟಕ್ಕೆ ಸಮಯದ ಮಿತಿಯಿಲ್ಲದ ಜೂಮ್ ಖಾತೆ, ಕೂಡಲೇ. ಮಧ್ಯಾಹ್ನ ಎರಡಕ್ಕೆ ಸಭೆ ಮತ್ತೆ ಸೇರಿ ಬೈದು ಮುಗಿಸಿತು. ಮುಗಿಯುವ ಹೊತ್ತಿಗೆ ವಸುಂಧರಾ, "ಗುರುವಾರ ಅಮ್ಮಂದಿರೂ ಇದೇ ಲಿಂಕಲ್ಲಿ ಬರಲಿ," ಎಂದರು. "ಬರಲಿ ಬರಲಿ, ಹಾಡು ನಂದು ಬೇಡ," ಎಂದ ಶ್ರೀರಾಮ, ಯಾರೂ ಕೇಳದಿದ್ದರೂ.

ಫೆಬ್ರವರಿ 18, ಗುರುವಾರ, ಬಸಲಿಂಗಮ್ಮ ಎರಡಕ್ಕೆ ಸೀರೆ ಉಟ್ಟರು. ನಾಲ್ಕಕ್ಕೆ ಮೊದಲೇ ಮುಖಗಳು ಒಂದೊಂದಾಗಿ ಮೂಡತೊಡಗಿದವು. ಅಂಥ ಮಗನನ್ನು ಹೆತ್ತ ತಾಯಿಯನ್ನು ಸಂತೈಸಬೇಕೆಂದು ಎರಡೂ ಕಡೆಯ ಒಂಬತ್ತೊಂಬತ್ತು ಮಂದಿಯೂ ಬಂದಿದ್ದರು. ಬೆಳಗಿನ ಪಾಳಿ ಮುಗಿಸಿ ಬಂದ ಮಲ್ಲಿಕಾರ್ಜುನ ಅಡುಗೆಮನೆಯಲ್ಲಿ ಚಹಾಕ್ಕಿಟ್ಟಿದ್ದ. ಗೋಡೆಯಾಚೆಯಿಂದ ಅಮ್ಮನ ಧ್ವನಿ ಕೇಳುತ್ತಿತ್ತು.

"ಏಳನೇ ಕ್ಲಾಸಲ್ಲಿ ಹಿಂಗೇ ಕಣ್ರೀ. ಪರೀಕ್ಷೇಲಿ ಹೆಸರು ಸರಿ ಬರ್ದೀನಾ ಅಂತ ನೋಡ್ತಾ ನೋಡ್ತಾ ಬೆಲ್ಲೇ ಹೊಡೆದುಬಿಡ್ತು. ಪೇಪರ್ ತುಂಬಾ ಬರೀ ಹೆಸರೇ."

ಇಪ್ಪತ್ತು ಜನ ನಕ್ಕದ್ದಕ್ಕೆ ಲ್ಯಾಪ್‌ಟಾಪ್ ಒದರಿತು. ಆಮೇಲೆ ಸೋಬಾನೆ ಶುರುವಾಯಿತು. ಶ್ರೀರಾಮನ ಅತ್ತೆ ಎತ್ತಿಕೊಂಡದ್ದನ್ನು ವಸುಂಧರಾರ ಅತ್ತೆ ಮುಂದುವರಿಸಿದರು. ಒಬ್ಬರು ಹಿಂದೆ, ಒಬ್ಬರು ಮುಂದೆ. ಯಾರೂ ನಿಲ್ಲಿಸಲಿಲ್ಲ, ಏನೂ ಕಡಿದುಹೋಗಲಿಲ್ಲ. ಹೊರಗೆ ಕತ್ತಲಾಗುತ್ತಾ ಬಂದರೂ ದೀಪ ಹಾಕಲು ಯಾರಿಗೂ ನೆನಪಾಗಲಿಲ್ಲ.

ಬಸಲಿಂಗಮ್ಮ ಹೊರಗೆ ಬಂದಾಗ ಹಾಡಿ ಹಾಡಿ ಗಂಟಲು ಕಟ್ಟಿತ್ತು.

"ಏನ್ ಮಾತಾಡಿದ್ರಿ ಅಮ್ಮ ಇಷ್ಟೊತ್ತು?"

"ನಿನ್ನ ಬಗ್ಗೇನೇ. ಬಾಳ ಚೆನ್ನಾಗಿತ್ತು. ಮುಂದಿನ ವಾರಕ್ಕೂ ಒಂದಿಷ್ಟು ಉಳಿದೈತೆ," ಎಂದು ಆಕೆ ಚಹಾದ ಲೋಟ ತೆಗೆದುಕೊಂಡರು.

ಮಲ್ಲಿಕಾರ್ಜುನ ಲ್ಯಾಪ್‌ಟಾಪ್ ಮುಚ್ಚುವ ಮೊದಲು ದಾಖಲೆ ನೋಡಿದ. ಶುರುವಾದದ್ದು 4 ಗಂಟೆ 2 ನಿಮಿಷಕ್ಕೆ, ಮುಗಿದದ್ದು 5 ಗಂಟೆ 54 ನಿಮಿಷಕ್ಕೆ. ಪುಸ್ತಕ ತೆಗೆದು, ಸಾಕ್ಷಿಗೆ ಯಾರನ್ನೂ ಕರೆಯದೆ, ಬರೆದುಕೊಂಡ: ಒಂದು ಗಂಟೆ ಐವತ್ತೆರಡು ನಿಮಿಷ.